ಪೂಲ್ ಕ್ಯೂಗೆ ಯಾವ ಟಿಪ್ ಹಾಕಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯೂ, ಅಂದರೆ ಪೂಲ್ ಆಡುವ ಕೋಲು, ಕೊಳ್ಳುವಾಗ ಮರ ಯಾವುದು, ತೂಕ ಎಷ್ಟು, ಜಾಯಿಂಟ್ ಎಂಥದ್ದು ಎಂದು ಹತ್ತು ಸಲ ವಿಚಾರಿಸುವವರು ಕೂಡ ತುದಿಯ ಚರ್ಮದ ಬಿಲ್ಲೆಯ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಅದು ಕಿತ್ತು ಕೈಗೆ ಬಂದ ದಿನವೇ. ಆ ಬಿಲ್ಲೆಯೇ ಟಿಪ್, ಇಡೀ ಕ್ಯೂನಲ್ಲಿ ಚೆಂಡನ್ನು ಮುಟ್ಟುವುದು ಅದು ಮಾತ್ರ. ಕ್ಲಬ್ಬಿನಲ್ಲಿ, ಕ್ಯೂ ಅಂಗಡಿಯಲ್ಲಿ ಆಟಗಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಉತ್ತರಗಳ ಜೊತೆ ಇಲ್ಲಿ ಕೊಟ್ಟಿದ್ದೇವೆ.

ಎಷ್ಟು ಮಿಲಿಮೀಟರ್ ಟಿಪ್ ತರಬೇಕು?

ಅಳೆಯಬೇಕಾದ್ದು ಹಳೆಯ ಟಿಪ್ಪನ್ನಲ್ಲ, ಅದರ ಕೆಳಗಿರುವ ಫೆರೂಲನ್ನು, ಅಂದರೆ ಕ್ಯೂ ತುದಿಗೆ ತೊಡಿಸಿದ ಪುಟ್ಟ ಕವಚವನ್ನು. ಹಳೆಯ ಟಿಪ್ ಹೊಡೆತ ತಿಂದು ಅಗಲವಾಗಿರುತ್ತದೆ, ಅದನ್ನು ನಂಬಿದರೆ ಲೆಕ್ಕ ತಪ್ಪುತ್ತದೆ. ಪೂಲ್ ಕ್ಯೂಗಳ ತುದಿ ಸಾಮಾನ್ಯವಾಗಿ 12.5ರಿಂದ 13 ಮಿ.ಮೀ. ಇರುತ್ತದೆ, ಕಾರ್ಬನ್ ಶಾಫ್ಟ್‌ಗಳಲ್ಲಿ (ಶಾಫ್ಟ್ ಅಂದರೆ ಕ್ಯೂನ ಮುಂದಿನ ತೆಳು ಭಾಗ) 12ರ ಆಸುಪಾಸಿಗೂ ಇಳಿಯುತ್ತದೆ. ಸ್ನೂಕರ್ ಕ್ಯೂ ಆದರೆ 9ರಿಂದ 10. ವಿಶ್ವ ಪೂಲ್ ಸಂಸ್ಥೆಯ ನಿಯಮ ಹಾಕಿರುವ ಮೇಲಿನ ಮಿತಿ 14 ಮಿ.ಮೀ., ಹಾಗಾಗಿ ಆ ಚಿಂತೆ ಯಾರಿಗೂ ಬರುವುದಿಲ್ಲ.

ವರ್ನಿಯರ್ ಇಲ್ಲದಿದ್ದರೆ ತೆಳು ಕಾಗದದ ಪಟ್ಟಿಯೊಂದನ್ನು ಫೆರೂಲ್ ಸುತ್ತ ಬಿಗಿಯಾಗಿ ಸುತ್ತಿ, ಕೂಡುವ ಕಡೆ ಪೆನ್ಸಿಲ್ ಗುರುತು ಹಾಕಿ, ಬಿಚ್ಚಿ ಸ್ಕೇಲ್ ಮೇಲೆ ಅಳೆಯಿರಿ. ಬಂದ ಉದ್ದವನ್ನು 3.14ರಿಂದ ಭಾಗಿಸಿದರೆ ಅಗಲ ಸಿಗುತ್ತದೆ. ಸುತ್ತಳತೆ 41 ಮಿ.ಮೀ. ಇದ್ದರೆ ಅದು 13ರ ಕ್ಯೂ, 30 ಇದ್ದರೆ 9.5ರದ್ದು.

ಆಮೇಲೆ ಫೆರೂಲ್‌ಗಿಂತ ಅರ್ಧದಿಂದ ಒಂದು ಮಿಲಿಮೀಟರ್ ದೊಡ್ಡ ಟಿಪ್ಪನ್ನೇ ತನ್ನಿ. 13ರ ಫೆರೂಲ್‌ಗೆ 14, 9.5ಕ್ಕೆ 10 ಅಥವಾ 10.5. ಅಂಟು ಹಚ್ಚಿ ಕೂರಿಸುವಾಗ ಟಿಪ್ ಕೂದಲೆಳೆಯಷ್ಟಾದರೂ ಪಕ್ಕಕ್ಕೆ ಸರಿಯದೆ ಇರುವುದಿಲ್ಲ. ದೊಡ್ಡದಾಗಿದ್ದರೆ ಸುತ್ತ ಕತ್ತರಿಸಿ ಸರಿಮಾಡಬಹುದು. ಚಿಕ್ಕದಾಗಿದ್ದರೆ ಫೆರೂಲ್‌ನ ಅಂಚು ಒಂದು ಕಡೆ ಹೊರಗೆ ಉಳಿದು, ಬದಿಯ ಹೊಡೆತದಲ್ಲಿ ಚೆಂಡಿಗೆ ನೇರ ತಾಗಿ ಚೆಕ್ಕೆ ಏಳುತ್ತದೆ.

ಸಾಫ್ಟ್ ಟಿಪ್‌ನಲ್ಲಿ ಸ್ಪಿನ್ ಜಾಸ್ತಿ ಬರುತ್ತದೆ ಅಂತಾರೆ. ನಿಜವೇ?

ಇಲ್ಲ. ಟಿಪ್ ವಿಷಯದಲ್ಲಿ ಅತಿ ಹೆಚ್ಚು ಹರಡಿರುವ ತಪ್ಪು ತಿಳಿವಳಿಕೆ ಇದೇ.

ಸ್ಪಿನ್ ಎಷ್ಟು ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಬಿಳಿ ಚೆಂಡಿನ ನಡುವಿನಿಂದ ಎಷ್ಟು ದೂರದಲ್ಲಿ ಹೊಡೆದಿರಿ, ಎಷ್ಟು ವೇಗದಲ್ಲಿ ಹೊಡೆದಿರಿ ಎನ್ನುವುದು. ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ. ನಡುವಿನಿಂದ ಸುಮಾರು 14 ಮಿ.ಮೀ.ವರೆಗೆ, ಅಂದರೆ ತ್ರಿಜ್ಯದ ಅರ್ಧದವರೆಗೆ, ಚಾಕ್ (ಜಾರದಂತೆ ಟಿಪ್‌ಗೆ ಸವರುವ ಪುಡಿಗಟ್ಟಿ) ಹಚ್ಚಿದ ಟಿಪ್ ಹಿಡಿತ ಬಿಡುವುದಿಲ್ಲ. ಅದನ್ನು ದಾಟಿದರೆ ಸಾಫ್ಟ್ ಆದರೂ ಅಷ್ಟೇ, ಹಾರ್ಡ್ ಆದರೂ ಅಷ್ಟೇ: ಜಾರಿ ಮಿಸ್‌ಕ್ಯೂ. ಟಿಪ್ ಚೆಂಡಿಗೆ ಅಂಟಿಕೊಂಡಿರುವ ಹೊತ್ತು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಸಾಫ್ಟ್ ಟಿಪ್‌ನಲ್ಲಿ ಆ ಹೊತ್ತು ತುಸು ಹೆಚ್ಚು, ಆದರೆ ಅದರಿಂದ ಸ್ಪಿನ್ ಏರುವುದಿಲ್ಲ.

ಹಾಗಿದ್ದರೂ ಸಾಫ್ಟ್ ಹಾಕಿಸಿದವರಿಗೆ ಸ್ಕ್ರೂ (ಬಿಳಿ ಚೆಂಡನ್ನು ಹಿಂದಕ್ಕೆ ತರುವ ಸ್ಪಿನ್) ಚೆನ್ನಾಗಿ ಬಂದಂತೆ ಅನಿಸಲು ಕಾರಣಗಳಿವೆ. ಮೆತ್ತನೆಯ ಚರ್ಮ ಚಾಕನ್ನು ಚೆನ್ನಾಗಿ ಹಿಡಿಯುತ್ತದೆ, ಆ ಧೈರ್ಯದಲ್ಲಿ ಆಟಗಾರ ಗೊತ್ತಿಲ್ಲದೆಯೇ ಚೆಂಡಿನ ಇನ್ನಷ್ಟು ಕೆಳಗೆ ಹೊಡೆಯುತ್ತಾನೆ. ಹೊಡೆತದ ಶಕ್ತಿಯಲ್ಲಿ ಸ್ವಲ್ಪ ಭಾಗವನ್ನು ಚರ್ಮವೇ ನುಂಗುವುದರಿಂದ ಅದೇ ದೂರಕ್ಕೆ ಕೈಯನ್ನು ಇನ್ನಷ್ಟು ಜೋರಾಗಿ ಬೀಸಬೇಕಾಗುತ್ತದೆ. ಜೊತೆಗೆ ಸದ್ದು ಮೆತ್ತಗಿರುತ್ತದೆ. ಮೆತ್ತನೆಯ ಸದ್ದನ್ನು ಹಿಡಿತ ಎಂದು ಭಾವಿಸುವುದು ಕಿವಿಯ ಹಳೆಯ ಅಭ್ಯಾಸ.

ಹಾಗಾದರೆ ಸಾಫ್ಟ್, ಮೀಡಿಯಂ, ಹಾರ್ಡ್ ಅಂತ ವ್ಯತ್ಯಾಸ ಯಾಕೆ?

ನಿರ್ವಹಣೆಗೆ ಮತ್ತು ಕೈಗೆ ಸಿಗುವ ಅನುಭವಕ್ಕೆ. ಸಾಫ್ಟ್ ಟಿಪ್ ಬೇಗ ಒತ್ತಿಕೊಳ್ಳುತ್ತದೆ, ಅಂಚು ಹೊರಗೆ ಚಾಚುತ್ತದೆ, ಗುಮ್ಮಟದ ಆಕಾರ ಚಪ್ಪಟೆಯಾಗುತ್ತದೆ. ವಾರಕ್ಕೊಮ್ಮೆಯಾದರೂ ಶೇಪರ್, ಅಂದರೆ ಗುಮ್ಮಟವನ್ನು ಉಜ್ಜಿ ಸರಿಮಾಡುವ ಸಾಧನ, ಹಿಡಿಯಬೇಕು. ಹಾರ್ಡ್ ಟಿಪ್ ಆಕಾರ ಕಾಯ್ದುಕೊಳ್ಳುತ್ತದೆ, ಅದೇ ಬೀಸಿಗೆ ಚೆಂಡನ್ನು ಇನ್ನೊಂದಿಷ್ಟು ವೇಗವಾಗಿ ಓಡಿಸುತ್ತದೆ, ತುಂಬಾ ದಿನ ಬರುತ್ತದೆ. ಆದರೆ ಮೇಲ್ಮೈ ಬೇಗ ಹೊಳಪು ಹತ್ತುತ್ತದೆ, ಚಾಕ್ ಕೂರುವುದಿಲ್ಲ. ಪ್ರತಿ ಹೊಡೆತಕ್ಕೂ ಚಾಕ್ ಹಚ್ಚುವ ಶಿಸ್ತಿಲ್ಲದವರ ಕೈಯಲ್ಲಿ ಹಾರ್ಡ್ ಟಿಪ್ ಅಂದರೆ ದಿನಕ್ಕೆ ನಾಲ್ಕು ಮಿಸ್‌ಕ್ಯೂ.

ಮೊದಲ ಸಲ ಸ್ವಂತ ಕ್ಯೂ ಕೊಂಡವರಿಗೆ ನಮ್ಮ ಸಲಹೆ ಮೀಡಿಯಂ. ಆರು ತಿಂಗಳು ಅದರಲ್ಲೇ ಆಡಿ. ಸದ್ದು ಗಡುಸು ಅನಿಸಿದರೆ ಒಂದು ಮೆಟ್ಟಿಲು ಇಳಿಯಿರಿ, ಪದೇ ಪದೇ ಶೇಪ್ ಮಾಡಿ ಬೇಸತ್ತರೆ ಒಂದು ಮೆಟ್ಟಿಲು ಏರಿ. ಪ್ರತಿ ತಿಂಗಳೂ ಟಿಪ್ ಬದಲಿಸುವವರ ಕೈಗೆ ಯಾವ ಟಿಪ್ಪೂ ಒಗ್ಗುವುದಿಲ್ಲ.

ಒಂದು ಕಂಪನಿಯ ಮೀಡಿಯಂ ಇನ್ನೊಂದರ ಮೀಡಿಯಂ ಒಂದೇ ಏನು?

ಅಲ್ಲ. ಎಲ್ಲರೂ ಒಪ್ಪಿದ ಒಂದೇ ಅಳತೆಗೋಲು ಈ ವ್ಯಾಪಾರದಲ್ಲಿಲ್ಲ. ಜಪಾನಿನ ಕಮುಯಿ ಎಸ್‌ಎಸ್, ಎಸ್, ಎಂ, ಎಚ್ ಎಂದು ಹಾಕುತ್ತದೆ, ಇನ್ನೊಬ್ಬರು ಬಣ್ಣದಲ್ಲಿ ಗುರುತಿಸುತ್ತಾರೆ. ಅಕ್ಷರಗಳನ್ನು ಒಂದೇ ಕಂಪನಿಯ ಒಳಗೆ ಮಾತ್ರ ಹೋಲಿಸಿ.

ಒಂದೇ ತುಂಡಿನ ಟಿಪ್ ಒಳ್ಳೆಯದೋ, ಪದರದ ಟಿಪ್ ಒಳ್ಳೆಯದೋ?

ಒಂದೇ ತುಂಡಿನದು ದಪ್ಪ ಚರ್ಮದಿಂದ ಬಿಲ್ಲೆಯಾಗಿ ಕತ್ತರಿಸಿದ್ದು. ನೀಲಿ ಬಣ್ಣದ ಎಲ್ಕ್ ಮಾಸ್ಟರ್ ಸಾಫ್ಟ್ ಬದಿಗೆ, ಲೆ ಪ್ರೊ ಮತ್ತು ಟ್ರಯಾಂಗಲ್ ಗಡುಸಿನ ಬದಿಗೆ. ಸ್ನೂಕರ್‌ನವರಿಗೆ ಬ್ಲೂ ಡೈಮಂಡ್ ಹೆಸರು ಹೇಳಬೇಕಿಲ್ಲ. ಪದರದ ಟಿಪ್ಪು ತೆಳು ಚರ್ಮದ ಹಲವು ಹಾಳೆಗಳನ್ನು ಅಂಟಿಸಿ ಒತ್ತಿ ಮಾಡಿದ್ದು: ಮೂರಿ, ಕಮುಯಿ, ಟೈಗರ್, ಟಾಲಿಸ್ಮನ್, ಹೀಗೆ.

ಪದರದ ಟಿಪ್‌ನ ನಿಜವಾದ ಲಾಭ ಸಮಾನತೆ. ಇವತ್ತು ತಂದದ್ದು, ಎಂಟು ತಿಂಗಳ ಮೇಲೆ ತಂದದ್ದು ಹೆಚ್ಚುಕಡಿಮೆ ಒಂದೇ ಥರ ಹೊಡೆಯುತ್ತವೆ, ಅಂಚು ಚಾಚುವುದೂ ಕಡಿಮೆ. ಪ್ರಾಣಿಯ ಬೆನ್ನಿನ ಚರ್ಮ ಬೇರೆ, ಹೊಟ್ಟೆಯ ಚರ್ಮ ಬೇರೆ. ಒಂದೇ ತುಂಡಿನ ಟಿಪ್‌ಗಳ ಪೆಟ್ಟಿಗೆಯಲ್ಲಿ ಎರಡೂ ಸೇರಿರುತ್ತವೆ. ಒಂದು ಕಲ್ಲಿನಂತೆ, ಪಕ್ಕದ್ದು ಬೆಂಡಿನಂತೆ.

ಆದರೆ ಒಂದು ದುಬಾರಿ ಪದರದ ಟಿಪ್‌ನ ಹಣಕ್ಕೆ ಒಂದೇ ತುಂಡಿನವು ಹತ್ತಾರು ಬರುತ್ತವೆ. ಆರಿಸಲು ಬಂದರೆ ಅವೇನೂ ಕಳಪೆಯಲ್ಲ. ಆರಿಸುವುದು ಹೀಗೆ: ಬುಡ ಮತ್ತು ಬದಿಯಲ್ಲಿ ನಾರು ಎದ್ದಿದ್ದರೆ, ಸಣ್ಣ ಬಿರುಕು ಅಥವಾ ತೂತು ಕಂಡರೆ ಬಿಡಿ. ಉಳಿದವನ್ನು ಒಂದೊಂದಾಗಿ ಗಾಜಿನ ಅಥವಾ ಗ್ರಾನೈಟ್ ಕಟ್ಟೆಯ ಮೇಲೆ ಅರ್ಧ ಅಡಿ ಎತ್ತರದಿಂದ ಬೀಳಿಸಿ. ಗಟ್ಟಿ ಚರ್ಮ ‘ಟಕ್’ ಎನ್ನುತ್ತದೆ, ಸಡಿಲ ಚರ್ಮ ‘ದಪ್’ ಎಂದು ಸುಮ್ಮನಾಗುತ್ತದೆ. ಬದಿಯನ್ನು ಉಗುರಿನಿಂದ ಒತ್ತಿದಾಗ ಗುರುತು ಆಳವಾಗಿ ಉಳಿದರೆ ಅದು ಬೇಗ ಚಪ್ಪಟೆಯಾಗುವ ಟಿಪ್. ‘ಟಕ್’ ಎಂದ ನಾಲ್ಕೈದನ್ನು ಒಟ್ಟಿಗೆ ತಂದಿಟ್ಟುಕೊಂಡರೆ ವರ್ಷದ ಚಿಂತೆ ಇಲ್ಲ.

ಯಾವ ಪ್ರಾಣಿಯ ಚರ್ಮ ಬಳಸುತ್ತಾರೆ?

ಪದರದ ಟಿಪ್‌ಗಳಲ್ಲಿ ಬಹುಪಾಲು ಹಂದಿಯ ಚರ್ಮ. ಒಂದೇ ತುಂಡಿನವು ಹೆಚ್ಚಾಗಿ ದನ ಅಥವಾ ಎಮ್ಮೆಯದು. ಧರ್ಮದ ಕಾರಣಕ್ಕೋ ಮನಸ್ಸೊಪ್ಪದೆಯೋ ಒಂದನ್ನು ಬಿಡಬೇಕೆನ್ನುವವರು ಪೊಟ್ಟಣದ ಮೇಲೆ ಓದಿ ಅಥವಾ ತಯಾರಕರ ವಿವರ ನೋಡಿ ಕೊಳ್ಳಿ, ಬಣ್ಣ ನೋಡಿ ಊಹಿಸಬೇಡಿ. ಎಲ್ಕ್ ಮಾಸ್ಟರ್ ಹೆಸರಿನಲ್ಲಿ ಕಡವೆಯಂಥ ಪ್ರಾಣಿಯ ಹೆಸರಿದೆ ಎಂದು ಅದರ ಚರ್ಮವೇ ಇರಬೇಕೆಂದೇನೂ ಇಲ್ಲ. ಚರ್ಮವೇ ಬೇಡ ಎನ್ನುವವರಿಗೆ ಕೃತಕ ಟಿಪ್‌ಗಳೂ ಇವೆ, ಆದರೆ ಮಾಮೂಲಿ ಆಟಕ್ಕೆ ಚರ್ಮದ ಹಿಡಿತಕ್ಕೆ ಒಗ್ಗಿದವರಿಗೆ ಅವು ಹೊಂದಿಕೊಳ್ಳಲು ಸಮಯ ಹಿಡಿಯುತ್ತದೆ.

ಟಿಪ್ಪನ್ನು ಹಾಲಿನಲ್ಲಿ ನೆನೆಸುವುದು ತಮಾಷೆಯೋ ನಿಜವೋ?

ನಿಜವೇ. ಎಲ್ಕ್ ಮಾಸ್ಟರ್‌ನಂಥ ಮೆತ್ತನೆಯ ಟಿಪ್ಪನ್ನು ರಾತ್ರಿಯಿಡೀ ಹಾಲಿನಲ್ಲಿ ನೆನೆಸಿ, ಒಂದೆರಡು ದಿನ ನೆರಳಲ್ಲಿ ಪೂರ್ತಿ ಒಣಗಿಸಿ, ವೈಸ್‌ನಲ್ಲಿ ಬಿಗಿದು ಒತ್ತುತ್ತಾರೆ. ಹಾಲಿನ ಪ್ರೋಟೀನು ನಾರುಗಳ ನಡುವೆ ಕೂತು, ಒತ್ತಡಕ್ಕೆ ಚರ್ಮ ಸಾಂದ್ರವಾಗಿ, ಅಗ್ಗದ ಸಾಫ್ಟ್ ಟಿಪ್ ಗಟ್ಟಿ ಮೀಡಿಯಂ ಆಗುತ್ತದೆ. ತೇವ ಉಳಿದಿರುವಾಗಲೇ ಒತ್ತಿದರೆ ಅಂಚು ಸೀಳುತ್ತದೆ, ವಾಸನೆಯೂ ಬಿಡುವುದಿಲ್ಲ. ಪದರದ ಟಿಪ್ಪನ್ನು ಮಾತ್ರ ಯಾವ ದ್ರವದಲ್ಲೂ ನೆನೆಸಬೇಡಿ, ಹಾಳೆಗಳು ಬಿಚ್ಚಿಕೊಳ್ಳುತ್ತವೆ.

ಬ್ರೇಕ್ ಕ್ಯೂಗೆ ಬೇರೆ ಟಿಪ್ ಬೇಕೇ?

ಬ್ರೇಕ್‌ಗೆಂದೇ, ಅಂದರೆ ಆಟ ಶುರುಮಾಡುವ ಮೊದಲ ಜೋರು ಹೊಡೆತಕ್ಕೆಂದೇ, ಬೇರೆ ಕ್ಯೂ ಇದ್ದರೆ ಬೇಕು. ಅದಕ್ಕೆ ತುಂಬಾ ಗಟ್ಟಿ ಚರ್ಮ ಅಥವಾ ಫಿನಾಲಿಕ್ ಎಂಬ ಗಡುಸು ರಾಳದ ಟಿಪ್ ಹಾಕುತ್ತಾರೆ. ಶಕ್ತಿ ಚರ್ಮದಲ್ಲಿ ಕಳೆದುಹೋಗದೆ ಚೆಂಡಿಗೆ ಹೋಗುತ್ತದೆ. ಚೆಂಡನ್ನು ಹಾರಿಸಲು ಬಳಸುವ ಜಂಪ್ ಕ್ಯೂಗೂ ಇದೇ ಕಾರಣ. ಫಿನಾಲಿಕ್ ಚಾಕ್ ಹಿಡಿಯುವುದು ಕಷ್ಟ, ಸೈಡ್ (ಬದಿಯ ಸ್ಪಿನ್) ಹಾಕಲು ಹೋದರೆ ಜಾರುತ್ತದೆ, ಬಿಳಿ ಚೆಂಡಿನ ಮೇಲೆ ಗುರುತನ್ನೂ ಬೀಳಿಸುತ್ತದೆ. ಕೆಲವು ಟೂರ್ನಿಗಳಲ್ಲಿ ಬಿಡುವುದಿಲ್ಲ, ಹೆಸರು ಕೊಡುವಾಗಲೇ ಕೇಳಿಕೊಳ್ಳಿ.

ಒಂದೇ ಕ್ಯೂನಲ್ಲಿ ಎಲ್ಲ ಮಾಡುವವರು ಆಟದ ಟಿಪ್ಪನ್ನೇ ಆರಿಸಿ, ಬ್ರೇಕ್‌ನ ನಂತರ ಅಂಚು ನೋಡಿಕೊಳ್ಳಿ. ಸ್ನೂಕರ್ ಟೇಬಲ್ಲೂ ಪೂಲ್ ಟೇಬಲ್ಲೂ ಇರುವ ನಮ್ಮ ಕ್ಲಬ್‌ಗಳಲ್ಲಿ ಸ್ನೂಕರ್ ಕ್ಯೂನಿಂದಲೇ ಪೂಲ್ ಬ್ರೇಕ್ ಹೊಡೆಯುವುದುಂಟು. ಸ್ನೂಕರ್ ಚೆಂಡು 52.5 ಮಿ.ಮೀ.ನದು, ಪೂಲ್ ಚೆಂಡು ಅದಕ್ಕಿಂತ ದೊಡ್ಡದು, ಭಾರ. ಆ ಭಾರಕ್ಕೆ 9.5ರ ಮೆತ್ತನೆಯ ಟಿಪ್ ಕೆಲವೇ ವಾರಗಳಲ್ಲಿ ಸೋಲುತ್ತದೆ.

ಮನೆಯಲ್ಲೇ ಟಿಪ್ ಹಾಕುವುದು ಹೇಗೆ?

ಬೇಕಾದವು: ಹೊಸ ಬ್ಲೇಡಿನ ಕಟರ್, 120 ಮತ್ತು 400ರ ಸ್ಯಾಂಡ್‌ಪೇಪರ್, ಗಾಜಿನ ತುಂಡು ಅಥವಾ ಸಮತಟ್ಟಾದ ಟೈಲ್, ಮಾಸ್ಕಿಂಗ್ ಟೇಪ್, ಅಂಟು, ಶೇಪರ್, ಹಳೆಯ ಚರ್ಮದ ಬೆಲ್ಟಿನ ತುಂಡು.

ಹಳೆಯ ಟಿಪ್ಪನ್ನು ಬ್ಲೇಡಿನಿಂದ ತೆಳುತೆಳುವಾಗಿ ತೆಗೆಯಿರಿ. ಒಂದೇ ಏಟಿಗೆ ಕಿತ್ತರೆ ಫೆರೂಲ್‌ನ ಮುಖವೂ ಎದ್ದು ಬರಬಹುದು. ಕೊನೆಯ ಪದರ ಮತ್ತು ಹಳೆಯ ಅಂಟನ್ನು ಕೆರೆದು ತೆಗೆಯಿರಿ, ಫೆರೂಲನ್ನೇ ಉಜ್ಜಿ ಮೋಟು ಮಾಡಬೇಡಿ. ಸ್ನೂಕರ್ ಕ್ಯೂನ ಹಿತ್ತಾಳೆ ಫೆರೂಲ್ ಎಷ್ಟೋ ಕಡೆ ಬರೀ ಕೊಳವೆ, ನಡುವೆ ಮರವೇ ಮೇಲಕ್ಕೆ ಬಂದಿರುತ್ತದೆ. ಬೆರಳಿಗೆ ಸ್ಯಾಂಡ್‌ಪೇಪರ್ ಸುತ್ತಿ ಉಜ್ಜಿದರೆ ಮೆದು ಮರ ಬೇಗ ಸವೆದು ನಡುವೆ ತಗ್ಗು ಬೀಳುತ್ತದೆ. ಆ ತಗ್ಗಿನ ಮೇಲೆ ಕೂತ ಟಿಪ್ ಸುತ್ತಲಿನ ಹಿತ್ತಾಳೆಗೆ ಮಾತ್ರ ಅಂಟಿ, ಪೊಳ್ಳು ಸದ್ದು ಕೊಡುತ್ತದೆ.

ಟಿಪ್‌ನ ಬುಡ ನೋಡಲು ಸಮವಾಗಿ ಕಂಡರೂ ಇರುವುದಿಲ್ಲ. 120ರ ಕಾಗದವನ್ನು ಗಾಜಿನ ಮೇಲಿಟ್ಟು, ಟಿಪ್ಪನ್ನು ಎಂಟರ ಆಕಾರದಲ್ಲಿ ಹತ್ತು ಹದಿನೈದು ಸಲ ಉಜ್ಜಿ. ಹೊಳಪಿನ ಚುಕ್ಕೆ ಒಂದೂ ಉಳಿಯದೆ ಇಡೀ ಬುಡ ಮಂಕಾದಾಗ ಸಾಕು. ದೂಳನ್ನು ಒಣ ಬಟ್ಟೆಯಿಂದ ಒರೆಸಿ, ಬೆರಳು ತಾಗಿಸಬೇಡಿ, ಬೆವರಿನ ಜಿಡ್ಡು ಸಾಕು ಅಂಟು ಕೆಡಲು.

ಫೆರೂಲ್ ಸುತ್ತ ಎರಡು ಸುತ್ತು ಟೇಪ್ ಹಾಕಿ. ಅಂಟಿನ ಸಣ್ಣ ಹನಿಯೊಂದನ್ನು ಫೆರೂಲ್ ನಡುವೆ ಇಟ್ಟು ಟಿಪ್ ಕೂರಿಸಿ, ಸುತ್ತಲೂ ಸಮನಾಗಿ ಹೊರಚಾಚಿದೆಯೇ ನೋಡಿ, ಕ್ಯೂ ತಲೆಕೆಳಗಾಗಿ ಹಿಡಿದು ಗಟ್ಟಿ ನೆಲಕ್ಕೆ ಒಂದೆರಡು ನಿಮಿಷ ಒತ್ತಿ. ಆಮೇಲೆ ಕನಿಷ್ಠ ಅರ್ಧ ಗಂಟೆ ಮುಟ್ಟಬೇಡಿ, ರಾತ್ರಿ ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು.

ಕತ್ತರಿಸುವಾಗಲೂ ಕ್ಯೂ ತಲೆಕೆಳಗೆ. ಟಿಪ್‌ನ ಮುಖವನ್ನು ಮರದ ಹಲಗೆಗೆ ಒತ್ತಿ, ಬ್ಲೇಡನ್ನು ಫೆರೂಲ್‌ನ ಗೋಡೆಗುಂಟ ಕೆಳಕ್ಕೆ ತನ್ನಿ, ತೆಂಗಿನಕಾಯಿ ಸಿಪ್ಪೆ ಸುಲಿದಂತಲ್ಲ, ಪೆನ್ಸಿಲ್ ಚೂಪು ಮಾಡಿದಂತೆ ತೆಳು ಸಿಪ್ಪೆಯಾಗಿ. ಮೊಂಡು ಬ್ಲೇಡು ಚರ್ಮವನ್ನು ಕತ್ತರಿಸದೆ ಎಳೆಯುತ್ತದೆ, ಪದರ ಬಿಚ್ಚುವುದು ಇಲ್ಲೇ. ಉಳಿದ ಕೂದಲೆಳೆಯನ್ನು 400ರ ಕಾಗದದಿಂದ ಉಜ್ಜಿ ಫೆರೂಲ್ ಸಮಕ್ಕೆ ತನ್ನಿ. ಕೊನೆಗೆ ಬದಿಗೆ ಒದ್ದೆ ಬೆರಳು ಒಂದು ಸಲ ಸವರಿ, ಬೆಲ್ಟಿನ ತುಂಡು ಸುತ್ತಿ ಬಿಸಿ ಹತ್ತುವವರೆಗೆ ಗಸಗಸ ತಿಕ್ಕಿ. ಬದಿ ಕಪ್ಪಾಗಿ ಗಾಜಿನಂತೆ ಮಿಂಚಿದರೆ ನಾರುಗಳು ಬಿಗಿದುಕೊಂಡಿವೆ ಎಂದರ್ಥ. ಅಂಚು ಹೊರಚಾಚುವುದನ್ನು ತಡೆಯುವ ಕೆಲಸ ಇದೇ, ಅವಸರದಲ್ಲಿ ಎಲ್ಲರೂ ಬಿಡುವುದೂ ಇದನ್ನೇ.

ಯಾವ ಅಂಟು?

ಫೆವಿಕ್ವಿಕ್ ಜಾತಿಯ ಅಂಟು ಸಾಕು, ಆದರೆ ನೀರಿನಂತೆ ತೆಳುವಾದದ್ದು ಬೇಡ, ಜೆಲ್ ತನ್ನಿ. ತೆಳು ಅಂಟನ್ನು ಚರ್ಮ ಹೀರಿಕೊಂಡು ಬುಡ ಕಲ್ಲಾಗುತ್ತದೆ, ನೀವು ಹಣ ಕೊಟ್ಟು ತಂದ ಸಾಫ್ಟ್ ಟಿಪ್ ಅರ್ಧ ಹಾರ್ಡ್ ಆಗುತ್ತದೆ. ಕೆಲವು ಪದರದ ಟಿಪ್‌ಗಳ ಬುಡದಲ್ಲಿ ಪಾರದರ್ಶಕ ಹಾಳೆ ಕೊಟ್ಟಿರುವುದು ಈ ಹೀರುವಿಕೆಯನ್ನು ತಡೆಯಲಿಕ್ಕೇ. ಚಪ್ಪಲಿಗೆ ಹಚ್ಚುವ ರಬ್ಬರ್ ಅಂಟನ್ನು ಹಳಬರು ಬಳಸುತ್ತಾರೆ. ಹಿಡಿತ ಇದೆ, ಆದರೆ ಒಣಗಲು ದಿನ ಬೇಕು, ಸೆಕೆಯಲ್ಲಿ ಟಿಪ್ ನಿಧಾನಕ್ಕೆ ಒಂದು ಬದಿಗೆ ಸರಿಯುತ್ತದೆ. ಬಿಳಿ ಫೆವಿಕಾಲ್ ಈ ಕೆಲಸಕ್ಕಲ್ಲ.

ಹಾಕಿಸಿದ ವಾರದಲ್ಲೇ ಟಿಪ್ ಹಾರಿಹೋಯಿತು. ಯಾರ ತಪ್ಪು?

ಬಿದ್ದ ಟಿಪ್ಪನ್ನು ಎಸೆಯಬೇಡಿ, ತಿರುಗಿಸಿ ನೋಡಿ. ಅಂಟೆಲ್ಲ ಫೆರೂಲ್ ಮೇಲೆಯೇ ಉಳಿದು ಟಿಪ್‌ನ ಬುಡ ಬರಿದಾಗಿದ್ದರೆ, ಬುಡವನ್ನು ಸರಿಯಾಗಿ ಉಜ್ಜಿರಲಿಲ್ಲ. ಅಂಟು ಟಿಪ್ ಜೊತೆ ಬಂದಿದ್ದರೆ ಫೆರೂಲ್ ಮೇಲೆ ಜಿಡ್ಡು ಅಥವಾ ಹಳೆಯ ಅಂಟು ಇತ್ತು, ಹಿತ್ತಾಳೆಯಲ್ಲಿ ಇದು ಹೆಚ್ಚು. ನಡುವೆ ಮಾತ್ರ ಅಂಟಿ ಸುತ್ತ ಬಿಟ್ಟಿದ್ದರೆ ಅಥವಾ ಸುತ್ತ ಅಂಟಿ ನಡುವೆ ಬಿಟ್ಟಿದ್ದರೆ, ಎರಡರಲ್ಲಿ ಒಂದು ಮುಖ ಸಮತಟ್ಟಾಗಿರಲಿಲ್ಲ. ಫೆರೂಲ್ ಮೇಲೆ ಚರ್ಮದ ತೆಳು ಪೊರೆ ಅಂಟಿಕೊಂಡೇ ಇದ್ದರೆ ಅಂಟಿನ ತಪ್ಪಲ್ಲ, ಚರ್ಮವೇ ಸೀಳಿದೆ.

ಮಾರ್ಕರ್ ಹತ್ತಿರ ಹಾಕಿಸಿದರೆ ಸಾಲದೇ?

ಸಾಕು, ಕ್ಲಬ್ಬಿನಲ್ಲಿ ಟೇಬಲ್ ನೋಡಿಕೊಳ್ಳುವ ಮಾರ್ಕರ್‌ಗಳಲ್ಲಿ ಕೈ ಪಳಗಿದವರು ಬಹಳ ಮಂದಿ. ಟಿಪ್ ನೀವೇ ಕೊಡಿ. ಒರಟು ಅರದಿಂದ ಫೆರೂಲ್ ಸವರಲು ಹೊರಟರೆ ‘ಅಣ್ಣಾ, ಬ್ಲೇಡಲ್ಲೇ ತೆಗೀರಿ’ ಎಂದು ಹೇಳಲು ಸಂಕೋಚ ಬೇಡ. ಪ್ರತಿ ಸಲ ಅರ್ಧ ಮಿಲಿಮೀಟರ್ ಹೋದರೂ ಕೆಲವು ವರ್ಷಗಳಲ್ಲಿ ಫೆರೂಲ್ ಬದಲಿಸುವ ಖರ್ಚು ಬರುತ್ತದೆ.

ಗುಮ್ಮಟದ ಆಕಾರ ಎಷ್ಟು ಇರಬೇಕು?

ಅಮೆರಿಕದವರು ನಿಕಲ್, ಡೈಮ್ ನಾಣ್ಯಗಳ ಹೆಸರಿನಲ್ಲಿ ಹೇಳುತ್ತಾರೆ. ನಿಕಲ್‌ನ ವ್ಯಾಸ 21.2 ಮಿ.ಮೀ., ಡೈಮ್‌ನದು 17.9. ನಮ್ಮ ಜೇಬಿನ ಲೆಕ್ಕದಲ್ಲಿ 2011ರಲ್ಲಿ ಬಂದ ಮಾದರಿಯ ಒಂದು ರೂಪಾಯಿ ಸುಮಾರು 22 ಮಿ.ಮೀ., ನಿಕಲ್‌ಗೆ ತೀರ ಹತ್ತಿರ. 2019ರ ಮಾದರಿಯದು 20, ಎರಡರ ನಡುವೆ ಕೂರುತ್ತದೆ. ಪೂಲ್ ಟಿಪ್‌ಗೆ ಈ ಎರಡರಲ್ಲಿ ಯಾವುದಾದರೂ ಸರಿ. ನಾಣ್ಯವನ್ನು ಟಿಪ್‌ನ ಹಿಂದೆ ಹಿಡಿದು ಬೆಳಕಿಗೆ ನೋಡಿ: ಎರಡು ಬಾಗುಗಳೂ ಒಂದರ ಮೇಲೊಂದು ಕೂತರೆ ಆಯಿತು. ಸಣ್ಣ ಸ್ನೂಕರ್ ಟಿಪ್ ಇನ್ನಷ್ಟು ದುಂಡಗಿದ್ದರೆ ಚೆನ್ನ.

13ರ ಟಿಪ್‌ಗೆ ಒಂದು ರೂಪಾಯಿಯ ಬಾಗು ಕೊಟ್ಟರೆ ಗುಮ್ಮಟವೇ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು ಎತ್ತರ ತಿನ್ನುತ್ತದೆ. ಹಾಗಾಗಿ ಅತ್ಯುತ್ಸಾಹದಲ್ಲಿ ದಿನವೂ ಶೇಪರ್ ತಿರುಗಿಸುವವರ ಟಿಪ್ ಆಟಕ್ಕಿಂತ ಹೆಚ್ಚು ಶೇಪರ್‌ಗೇ ಸವೆಯುತ್ತದೆ.

ಟಿಪ್ ಹೊಳೆಯುತ್ತಿದೆ, ಚಾಕ್ ಹಿಡಿಯುತ್ತಿಲ್ಲ.

ಮುಳ್ಳಿರುವ ಟಿಪ್ ಪಿಕ್ಕನ್ನು ಮುಖದ ಮೇಲೆ ಮೆಲ್ಲಗೆ ಒತ್ತಿ ಹೊರಳಿಸಿ. ಉಜ್ಜಿದರೆ ಚರ್ಮ ಹರಿಯುತ್ತದೆ. ಚಾಕನ್ನು ಬೋರ್‌ವೆಲ್ ಕೊರೆದಂತೆ ತಿರುಗಿಸುವ ಅಭ್ಯಾಸ ಬಿಡಿ. ನಡುವೆ ತೂತು ಬಿದ್ದ ಚಾಕ್ ಟಿಪ್‌ನ ಅಂಚಿಗೆ ಹತ್ತುತ್ತದೆ, ಮುಖಕ್ಕೆ ಹತ್ತುವುದಿಲ್ಲ. ಬ್ರಷ್ಷಿನಿಂದ ಬಣ್ಣ ಬಳಿದಂತೆ ಸವರಿ, ಕಣ್ಣಿನ ಮಟ್ಟಕ್ಕೆ ತಂದು ನೋಡಿ.

ಕಾರ್ಬನ್ ಶಾಫ್ಟ್‌ಗೆ ಇದೇ ವಿಧಾನವೇ?

ಟಿಪ್ ಅದೇ, ಕೆಲಸ ಬೇರೆ. ಎಷ್ಟೋ ಕಾರ್ಬನ್ ಶಾಫ್ಟ್‌ಗಳಲ್ಲಿ ಉದ್ದ ಫೆರೂಲ್ ಇರುವುದಿಲ್ಲ, ತೆಳು ಪ್ಯಾಡ್ ಮಾತ್ರ. ಹಳೆಯ ಟಿಪ್ ತೆಗೆಯುವಾಗ ಪ್ಯಾಡ್ ಕತ್ತರಿಸಿಹೋದರೆ ಕೆಲಸ ದುಬಾರಿ. ಶಾಫ್ಟ್‌ನ ಮೇಲೆ ಸ್ಯಾಂಡ್‌ಪೇಪರ್ ತಾಗಿದರೆ ಗೀರು ಮಾಸುವುದಿಲ್ಲ. ಲೇತ್ ಇರುವವರ ಹತ್ತಿರವೇ ಹೋಗಿ.

ಯಾವಾಗ ಬದಲಿಸಬೇಕು?

ಗುಮ್ಮಟದ ಕೆಳಗೆ ಉಳಿದ ನೇರ ಗೋಡೆಯ ಪಕ್ಕ ಡೆಬಿಟ್ ಕಾರ್ಡ್ ಹಿಡಿಯಿರಿ, ಅದರ ದಪ್ಪ 0.76 ಮಿ.ಮೀ. ಗೋಡೆ ಅಷ್ಟಕ್ಕೆ ಇಳಿದಿದ್ದರೆ ಸಮಯವಾಯಿತು. ಇನ್ನೂ ತಳ್ಳಿದರೆ ಹೊಡೆತದ ಪೆಟ್ಟು ಫೆರೂಲ್‌ಗೆ ಬಿದ್ದು ಬಿರುಕು ಬಿಡುತ್ತದೆ. ಬದಿಯಲ್ಲಿ ಪದರ ಬಿಚ್ಚಿದ್ದರೆ, ಹೊಡೆದಾಗ ಸದ್ದು ಇದ್ದಕ್ಕಿದ್ದಂತೆ ಬದಲಾಗಿದ್ದರೆ ಎತ್ತರ ಎಷ್ಟೇ ಇದ್ದರೂ ತೆಗೆಸಿ.

ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಟಿಪ್ ಮೆತ್ತಗಾಗುತ್ತದಲ್ಲ?

ಚರ್ಮ ತೇವ ಹೀರುತ್ತದೆ, ಅದು ಅದರ ಗುಣ. ಕ್ಯೂವನ್ನು ಗೋಡೆಗೆ ಒರಗಿಸಿಡಬೇಡಿ. ಕೇಸಿನಲ್ಲಿಟ್ಟು, ಒಳಗೆ ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿ. ಬಿಸಿಲಿಗಿಟ್ಟು ಒಣಗಿಸಿದರೆ ಅಂಟಿಗೂ ಮರಕ್ಕೂ ಕೇಡು.

ನಾಳೆ ಪಂದ್ಯ ಇದೆ, ಇವತ್ತು ಹೊಸ ಟಿಪ್ ಹಾಕಿಸಲೇ?

ಕಿತ್ತುಬಂದಿದ್ದರೆ ಬೇರೆ ದಾರಿಯಿಲ್ಲ, ಇಲ್ಲದಿದ್ದರೆ ಬೇಡ. ಹೊಸ ಚರ್ಮ ಮೊದಲ ಕೆಲವು ಗಂಟೆ ಆಟದಲ್ಲಿ ಒತ್ತಿಕೊಂಡು ಎತ್ತರ ಇಳಿಯುತ್ತದೆ, ಅಂಚು ಒಂದು ಸಲ ಚಾಚುತ್ತದೆ, ಹೊಡೆತದ ವೇಗವೂ ಅದರ ಜೊತೆ ಬದಲಾಗುತ್ತದೆ. ಪಂದ್ಯಕ್ಕೆ ಐದಾರು ದಿನ ಮೊದಲು ಹಾಕಿಸಿ, ಎರಡು ದಿನ ಆಡಿ, ಅಂಚು ಸವರಿ ಮತ್ತೆ ಶೇಪ್ ಮಾಡಿ. ಅನಿವಾರ್ಯವಾಗಿ ಇವತ್ತೇ ಹಾಕಿಸಿದರೆ, ಮಲಗುವ ಮುನ್ನ ಟೇಬಲ್ಲಿನ ಉದ್ದಕ್ಕೆ ಮಧ್ಯದ ನೇರ ಹೊಡೆತ ಐವತ್ತು ಹೊಡೆದು, ಬದಿ ನೋಡಿ ಚಾಚಿದ್ದನ್ನು ಕತ್ತರಿಸಿಕೊಳ್ಳಿ.